ಬೀಳೋದು ಯಾವಾಗ ಅಂತ ಕೇಳಿದ ಡಾಕ್ಟರು

ಮಾನ್ಯ ಸಂಪಾದಕರೇ,

ನಮ್ಮ ಅಪ್ಪನಿಗೆ ಈಗ 76 ವರ್ಷ. ಈ ವರ್ಷ ಏಳು ತಿಂಗಳಲ್ಲಿ ನಾಲ್ಕು ಸಲ ಬಿದ್ದರು. ಮೊದಲ ಸಲ ಮೊಣಕೈ ತರಚಿತು. ಎರಡನೇ ಸಲ ಹುಬ್ಬಿನ ಮೇಲೆ ಮೂರು ಹೊಲಿಗೆ ಬಿತ್ತು. ಮೂರನೇ ಸಲ ಗಾಯ ಏನೂ ಆಗಲಿಲ್ಲ, ಆದರೆ ಎಬ್ಬಿಸಿ ಕೂರಿಸಿದ ಮೇಲೆ ತುಂಬಾ ಹೊತ್ತು ಅವರು ಮಾತೇ ಆಡಲಿಲ್ಲ. ನಾಲ್ಕನೇ ಸಲ ಬಿದ್ದ ಸದ್ದು ಪಕ್ಕದ ಕೋಣೆಯಲ್ಲಿ ಮಲಗಿದ್ದ ನನಗೆ ಕೇಳಿಸಿತು. ವಯಸ್ಸಾದವರು ಬಿದ್ದ ಸದ್ದು ಒಂದು ಸಲ ಕೇಳಿದವರಿಗೆ ಮತ್ತೆ ಗಾಢ ನಿದ್ದೆ ಬರೋದು ಕಷ್ಟ.

ರೋಗಿಯ ಮೇಲೆ ನಿಜವಾದ ಕಾಳಜಿ ಇರುವ ಡಾಕ್ಟರನ್ನು ಹುಡುಕೋದು ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ನನಗೆ ಸಿಕ್ಕಿದ ಉತ್ತರ ಹೇಳೋಣ ಅಂತ ಈ ಪತ್ರ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು, ದಯವಿಟ್ಟು ಓದಿ.

ಮೊದಲು ಮೂವರು ಡಾಕ್ಟರ ಹತ್ತಿರ ಹೋದೆವು. ಒಬ್ಬರು ವಯಸ್ಸಾಯ್ತು, ಹುಷಾರಾಗಿ ಓಡಾಡಿ ಅಂದರು. ಇನ್ನೊಬ್ಬರು ಇದು ಕಿವಿಯ ಸಮತೋಲನದ ತೊಂದರೆ ಅಂತ ತಲೆಸುತ್ತಿಗೆ ಮಾತ್ರೆ ಬರೆದರು. ಮೂರನೆಯವರು ತಲೆಯ ಸ್ಕ್ಯಾನ್ ಮಾಡಿಸಿದರು. ರಿಪೋರ್ಟ್ ನೋಡಿ, ಎಲ್ಲಾ ನಾರ್ಮಲ್ ಇದೆ, ಏನೂ ಯೋಚನೆ ಬೇಡ ಅಂದರು. ಅದಾಗಿ ಹನ್ನೊಂದನೇ ದಿನಕ್ಕೆ ಅಪ್ಪ ನಾಲ್ಕನೇ ಸಲ ಬಿದ್ದರು.

ಈ ಮೂವರಲ್ಲಿ ಯಾರೂ ಕೆಟ್ಟವರಲ್ಲ. ಎರಡನೆಯವರಂತೂ ತುಂಬಾ ಪ್ರೀತಿಯಿಂದ ಮಾತಾಡಿದರು. ಅಪ್ಪನ ಕೈ ಹಿಡಿದುಕೊಂಡೇ ಮಾತಾಡಿಸಿದರು, ಬಾಗಿಲವರೆಗೂ ಬಂದು ಕಳಿಸಿಕೊಟ್ಟರು. ಎಂಥಾ ಒಳ್ಳೆ ಡಾಕ್ಟರು ಅಂತ ದಾರಿಯುದ್ದಕ್ಕೂ ನಾನು ಹೊಗಳಿದ್ದೆ. ಆದರೆ ಅಪ್ಪ ಅಲ್ಲಿ ಬಾಯಿ ಬಿಟ್ಟು ಹೇಳಿದ್ದು ಒಂದೂವರೆ ವಾಕ್ಯ. "ಅದು ಹೇಗೆ ಅಂದ್ರೆ, ಮಲಗಿರ್ತೀನಿ..." ಅನ್ನುವಷ್ಟರಲ್ಲಿ ಡಾಕ್ಟರು, "ಸುತ್ತು ಬಂದ ಹಾಗೆ ಆಗುತ್ತೆ, ಅಲ್ವಾ?" ಅಂದರು. ಅಪ್ಪ ಹೌದು ಅಂದರು. ಅಪ್ಪ ಯಾರಿಗೂ ಎದುರು ಮಾತಾಡಿದವರಲ್ಲ. ದೊಡ್ಡವರು ಕೇಳಿದರೆ ಹೌದು ಅಂದುಬಿಡೋದು ಅವರ ಸ್ವಭಾವ. ಮಲಗಿರ್ತೀನಿ ಅನ್ನೋ ಆ ಒಂದು ಮಾತಿನಲ್ಲೇ ಇಡೀ ಕಾಯಿಲೆ ಇತ್ತು ಅಂತ ಆಮೇಲೆ ಗೊತ್ತಾಯಿತು.

ನಾಲ್ಕನೇ ಡಾಕ್ಟರ ಹತ್ತಿರ ಹೋಗುವ ಹಿಂದಿನ ದಿನ ಅವರ ಕ್ಲಿನಿಕ್‌ನಿಂದ ಫೋನ್ ಬಂತು. ಅಪ್ಪ ತಗೊಳ್ಳೋ ಎಲ್ಲಾ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಬನ್ನಿ, ಯಾವುದನ್ನೂ ಬಿಡಬೇಡಿ, ಹಳೇ ಚೀಟಿಗಳಿದ್ದರೆ ಅವನ್ನೂ ತನ್ನಿ ಅಂದರು. ನನಗೆ ಸ್ವಲ್ಪ ಕಿರಿಕಿರಿಯೇ ಆಯಿತು. ಎಲ್ಲಾ ಫೈಲಿನಲ್ಲಿ ಬರೆದಿದೆಯಲ್ಲ ಅನಿಸಿತು. ಆದರೂ ಹುಡುಕಿ ತುಂಬಿಕೊಂಡು ಹೋದೆ. ಒಂಬತ್ತು ಥರದ ಮಾತ್ರೆ ಸಿಕ್ಕಿದವು.

ಆ ಡಾಕ್ಟರು ಹೆಂಗಸು. ನಡುವಯಸ್ಸು. ಜಾಸ್ತಿ ನಗೋರಲ್ಲ. ಏನಾಯ್ತು ಅಂತ ಅಪ್ಪನನ್ನು ಕೇಳಿದರು. ಅಭ್ಯಾಸದಂತೆ ನಾನೇ ಶುರು ಮಾಡಿದೆ. ಅವರು ನನ್ನ ಕಡೆ ತಿರುಗಿ, "ಅಮ್ಮಾ, ನಿಮ್ಮ ಮಾತೂ ಕೇಳ್ತೀನಿ. ಮೊದಲು ಅವರು ಹೇಳಲಿ," ಅಂದರು. ಆಮೇಲೆ ಪೆನ್ನು ಕೆಳಗಿಟ್ಟು ಸುಮ್ನೆ ಕೂತರು.

ಅಪ್ಪ ಮಾತಾಡೋದು ನಿಧಾನ. ಎಲ್ಲಿಂದಲೋ ಶುರು ಮಾಡುತ್ತಾರೆ. ಕೆಲಸದಿಂದ ನಿವೃತ್ತಿ ಆದದ್ದು, ಮೊಣಕಾಲು ನೋವು, ಕಣ್ಣಿನ ಆಪರೇಷನ್ ಎಲ್ಲಾ ಬಂತು. ನನಗೆ ಒಳಗೇ ಚಡಪಡಿಕೆ. ಗೋಡೆ ಗಡಿಯಾರ ನೋಡುತ್ತಿದ್ದೆ. ಡಾಕ್ಟರು ಮಾತ್ರ ಅಪ್ಪನ ಮುಖ ನೋಡುತ್ತಿದ್ದರು. ಅಪ್ಪ ತಾವಾಗಿಯೇ ನಿಲ್ಲಿಸಿದಾಗ ಎರಡು ನಿಮಿಷವೂ ಪೂರ್ತಿ ಆಗಿರಲಿಲ್ಲ. ಆಗ ಅವರು ಕೇಳಿದರು, "ಬೀಳೋದು ಯಾವಾಗ?"

"ರಾತ್ರಿ."

"ಏನು ಮಾಡ್ತಿರುವಾಗ?"

ಅಪ್ಪ ಒಮ್ಮೆ ನನ್ನ ಕಡೆ ನೋಡಿದರು. ಡಾಕ್ಟರು ಅದನ್ನು ಗಮನಿಸಿದರು. "ನೀವು ಐದು ನಿಮಿಷ ಹೊರಗೆ ಕೂತಿರ್ತೀರಾ?" ಅಂತ ನನಗೆ ಮೆಲ್ಲಗೆ ಹೇಳಿದರು. ಒಳಗೆ ಏನೇನು ಮಾತಾಯಿತು ಅಂತ ನನಗೆ ಇವತ್ತಿಗೂ ಪೂರ್ತಿ ಗೊತ್ತಿಲ್ಲ. ನಾನು ಕೇಳಿಯೂ ಇಲ್ಲ. ಮತ್ತೆ ಒಳಗೆ ಕರೆದ ಮೇಲೆ ಅಪ್ಪನ ಒಪ್ಪಿಗೆ ಕೇಳಿಯೇ ಡಾಕ್ಟರು ನನಗೆ ಹೇಳಿದರು: ಅಪ್ಪ ರಾತ್ರಿ ನಾಲ್ಕು ಸಲ ಮೂತ್ರಕ್ಕೆ ಏಳುತ್ತಾರೆ. ಎದ್ದು ನಿಂತ ಕೂಡಲೇ ಕಣ್ಣು ಕತ್ತಲೆ ಬರುತ್ತೆ. ಬಿದ್ದ ನಾಲ್ಕೂ ಸಲ ಆದದ್ದು ಹೀಗೆಯೇ. ಒಂದೇ ಮನೆಯಲ್ಲಿ ಇದ್ದೂ ನನಗೆ ಇದು ಗೊತ್ತಿರಲಿಲ್ಲ.

ಆಮೇಲೆ ಅಪ್ಪನನ್ನು ಐದು ನಿಮಿಷ ಮಲಗಿಸಿ ಬಿ.ಪಿ. ನೋಡಿದರು. ಮೇಲಿನದು 148 ಇತ್ತು. ಎದ್ದು ನಿಲ್ಲಿಸಿ ಒಂದು ನಿಮಿಷಕ್ಕೆ ನೋಡಿದರೆ 112. ಮೂರು ನಿಮಿಷಕ್ಕೆ ಮತ್ತೊಮ್ಮೆ ನೋಡಿದರು. ಅಪ್ಪ ನಿಂತಿದ್ದಷ್ಟು ಹೊತ್ತೂ ಆ ಡಾಕ್ಟರ ಒಂದು ಕೈ ಅಪ್ಪನ ಬೆನ್ನ ಹಿಂದೆ ಇತ್ತು. ಮುಟ್ಟಿರಲಿಲ್ಲ. ಒಂದು ಗೇಣು ದೂರದಲ್ಲಿ, ಬಿದ್ದರೆ ಹಿಡಿಯೋ ಹಾಗೆ. ಅಪ್ಪನಿಗೆ ಅದು ಕಾಣಿಸಲಿಲ್ಲ. ನನಗೆ ಕಾಣಿಸಿತು.

ಮಲಗಿದವರು ಎದ್ದು ನಿಂತ ಮೂರು ನಿಮಿಷದೊಳಗೆ ಮೇಲಿನ ಬಿ.ಪಿ. 20 ಅಥವಾ ಅದಕ್ಕಿಂತ ಜಾಸ್ತಿ ಇಳಿದರೆ, ಇಲ್ಲವೇ ಕೆಳಗಿನದು 10 ಇಳಿದರೆ, ಅದನ್ನು ತೊಂದರೆ ಅಂತ ಲೆಕ್ಕ ಹಿಡಿಯುತ್ತಾರೆ. ಅಪ್ಪನಿಗೆ 36 ಇಳಿದಿತ್ತು. ಇದನ್ನು ಹಿಡಿಯಲು ಸ್ಕ್ಯಾನ್ ಬೇಡ, ರಕ್ತ ಪರೀಕ್ಷೆ ಬೇಡ. ಬಿ.ಪಿ. ಯಂತ್ರ, ಒಂದು ಮಂಚ, ಸ್ವಲ್ಪ ಹೊತ್ತು ಸಾಕು. ಅದಕ್ಕೂ ಮುಂಚೆ, ಯಾವಾಗ ಬೀಳ್ತೀರಿ ಅಂತ ಕೇಳಬೇಕು.

ಇನ್ನು ಆ ಮಾತ್ರೆ ಚೀಲ. ಅಷ್ಟನ್ನೂ ಮೇಜಿನ ಮೇಲೆ ಸುರಿದು ಒಂದೊಂದಾಗಿ ಕೈಗೆತ್ತಿಕೊಂಡು, ಇದು ಯಾರು ಕೊಟ್ಟಿದ್ದು, ಯಾವತ್ತಿನಿಂದ ಅಂತ ಕೇಳಿದರು. ಬಿ.ಪಿ.ಗೆ ಅಂತ ಒಬ್ಬರು ಕೊಟ್ಟ ಮಾತ್ರೆ, ಪ್ರಾಸ್ಟೇಟ್ ತೊಂದರೆಗೆ ಅಂತ ಇನ್ನೊಬ್ಬರು ಕೊಟ್ಟ ಮಾತ್ರೆ ಎರಡೂ ಒಂದೇ ಗುಂಪಿಗೆ ಸೇರಿದವು. ಎರಡೂ ರಕ್ತನಾಳಗಳನ್ನು ಸಡಿಲ ಮಾಡುವಂಥವು. ನಾವು ಎದ್ದು ನಿಂತಾಗ ಅರ್ಧ ಲೀಟರ್‌ನಿಂದ ಒಂದು ಲೀಟರ್‌ವರೆಗೂ ರಕ್ತ ಹೊಟ್ಟೆಗೆ, ಕಾಲಿಗೆ ಇಳಿಯುತ್ತಂತೆ. ಆಗ ರಕ್ತನಾಳಗಳು ಬಿಗಿಯಾಗಿ ಅದನ್ನು ಮೇಲಕ್ಕೆ ತಳ್ಳಬೇಕು. ಅಪ್ಪನಿಗೆ ಬಿಗಿಯಾಗೋಕೆ ಎರಡು ಮಾತ್ರೆ ಸೇರಿ ಬಿಡುತ್ತಿರಲಿಲ್ಲ. ಹಳೇ ಚೀಟಿಗಳ ತಾರೀಖು ನೋಡಿದರೆ, ಪ್ರಾಸ್ಟೇಟ್ ಮಾತ್ರೆ ಶುರುವಾದ ಒಂಬತ್ತನೇ ದಿನ ಅಪ್ಪ ಮೊದಲ ಸಲ ಬಿದ್ದಿದ್ದರು.

ಒಂದು ಮಾತು ಹೇಳಲೇಬೇಕು. ನಾನು ಇಪ್ಪತ್ತೆಂಟು ವರ್ಷದಿಂದ ಲೆಕ್ಕಪತ್ರ ನೋಡುವ ಕೆಲಸದಲ್ಲಿದ್ದೇನೆ. ಒಂದೇ ಖರ್ಚು ಎರಡು ಕಡೆ ಬರೆದಿದ್ದರೆ ಹಿಡಿಯೋದು, ತಾರೀಖಿಗೆ ತಾರೀಖು ತಾಳೆ ನೋಡೋದು ನನ್ನ ನಿತ್ಯದ ಕೆಲಸ. ಆ ಚೀಟಿಗಳೆಲ್ಲ ನನ್ನ ಕೈಯಲ್ಲೇ ಇದ್ದವು. ಡಾಕ್ಟರಿಗೆ ಬಿಟ್ಟಿದ್ದು ಅಂತ ಒಂದು ದಿನವೂ ಅವನ್ನು ಪಕ್ಕಪಕ್ಕ ಇಟ್ಟು ನೋಡಲಿಲ್ಲ. ಮಾತ್ರೆ ಬದಲಾಯಿಸೋದು ಡಾಕ್ಟರ ಕೆಲಸವೇ, ನಾವು ನಾವೇ ನಿಲ್ಲಿಸಬಾರದು. ಆದರೆ ತಾರೀಖು ಬರೆದಿಟ್ಟು ಅವರ ಮುಂದೆ ಇಡೋದು ನನ್ನಿಂದ ಆಗುತ್ತಿತ್ತು.

ಡಾಕ್ಟರು ನಮ್ಮೆದುರಿಗೇ ಪ್ರಾಸ್ಟೇಟ್ ಮಾತ್ರೆ ಕೊಟ್ಟ ಡಾಕ್ಟರಿಗೆ ಫೋನ್ ಮಾಡಿದರು. ತಪ್ಪು ಹುಡುಕುವ ದನಿಯೇ ಇರಲಿಲ್ಲ. ಇಬ್ಬರೂ ಮಾತಾಡಿ ಪ್ರಾಸ್ಟೇಟ್ ಮಾತ್ರೆ ಇರಲಿ, ಬಿ.ಪಿ.ದು ಬೇರೆ ಕೊಡೋಣ ಅಂತ ತೀರ್ಮಾನ ಮಾಡಿದರು. ತಲೆಸುತ್ತಿನ ಮಾತ್ರೆಯೂ ಹೋಯಿತು. ಆಮೇಲೆ ಅಪ್ಪನಿಗೆ ಎಲ್ಲಾ ಬಿಡಿಸಿ ಹೇಳಿ, "ನಾನು ಸರಿಯಾಗಿ ಹೇಳಿದೀನಾ ಅಂತ ನೋಡ್ಬೇಕು, ನೀವೊಂದ್ಸಲ ನಂಗೆ ಹೇಳಿ," ಅಂದರು. ಗಮನಿಸಿ, ಅರ್ಥ ಆಯ್ತಾ ಅಂತ ಕೇಳಲಿಲ್ಲ. ಅರ್ಥ ಆಯ್ತಾ ಅಂದರೆ ಅಪ್ಪ ಹೌದು ಅಂದುಬಿಡುತ್ತಿದ್ದರು. ಅಪ್ಪ ಹೇಳಿದರು. ಒಂದು ಕಡೆ ತಪ್ಪಿತು, ಡಾಕ್ಟರು ತಿದ್ದಿದರು. ರಾತ್ರಿ ಎಚ್ಚರ ಆದರೆ ಮೊದಲು ಮಂಚದ ಅಂಚಿಗೆ ಬಂದು ಕೂರಬೇಕು, ಪಾದ ನೆಲಕ್ಕೆ ಊರಬೇಕು, ಹಿಮ್ಮಡಿ ಎತ್ತಿ ಇಳಿಸಬೇಕು, ಆಮೇಲೆ ಏನನ್ನಾದರೂ ಹಿಡಿದುಕೊಂಡು ನಿಲ್ಲಬೇಕು. ಅಪ್ಪ ಈಗ ಅರವತ್ತರವರೆಗೆ ಎಣಿಸಿ ನಿಲ್ಲುತ್ತಾರೆ. ಆ ಎಣಿಕೆ ಗೋಡೆಯಾಚೆಯಿಂದ ನನಗೆ ಕೇಳಿಸುತ್ತೆ. ಐದು ತಿಂಗಳಾಯಿತು, ಬಿದ್ದಿಲ್ಲ. ಇನ್ನು ಬೀಳೋದೇ ಇಲ್ಲ ಅಂತ ಡಾಕ್ಟರು ಮಾತು ಕೊಟ್ಟಿಲ್ಲ. ಹಾಗೆ ಮಾತು ಕೊಡದೇ ಇದ್ದದ್ದೂ ನನಗೆ ಹಿಡಿಸಿತು.

ಕಾಳಜಿ ಅಂದರೆ ಸಿಹಿ ಮಾತು ಅಂತ ನಾನು ತಿಳಿದಿದ್ದೆ. ಈಗ ನಾನು ಬೇರೆ ಥರ ನೋಡುತ್ತೇನೆ. ನಮಗೆ ನಿಜಕ್ಕೂ ಏನಾಗಿದೆ ಅಂತ ತಿಳಿಯದೆ ಡಾಕ್ಟರಿಗೆ ಸಮಾಧಾನ ಇರಬಾರದು. ಮೂರನೇ ಡಾಕ್ಟರಿಗೆ ಸ್ಕ್ಯಾನ್ ಚೆನ್ನಾಗಿದ್ದದ್ದೇ ಸಮಾಧಾನ ಆಯಿತು. ಹಾಗಾದರೆ ಈ ಮನುಷ್ಯ ಬೀಳ್ತಿರೋದು ಯಾಕೆ ಅನ್ನೋ ಪ್ರಶ್ನೆ ಅವರನ್ನು ಕಾಡಲಿಲ್ಲ. ನಾಲ್ಕನೆಯವರನ್ನು ಕಾಡಿತು. ಮೃದುವಾಗಿ ಮಾತಾಡೋದು ಬೇಡ ಅಂತ ನಾನು ಹೇಳುತ್ತಿಲ್ಲ, ನೋವಿನಲ್ಲಿ ಇರುವವರಿಗೆ ಅದೂ ಬೇಕು. ಅದೊಂದನ್ನೇ ನೋಡಿ ಡಾಕ್ಟರನ್ನು ಆರಿಸಿಕೊಂಡರೆ ನಮ್ಮ ಥರ ಆಗುತ್ತೆ.

ನನ್ನ ತಂಗಿಯ ಮಗಳು ಮೆಡಿಕಲ್ ಓದುತ್ತಿದ್ದಾಳೆ. ಈ ಕತೆ ಕೇಳಿ ಅವಳು ನನಗೆ ಕೆಲವು ಅಧ್ಯಯನ ತೋರಿಸಿದಳು. ಅಮೆರಿಕದಲ್ಲಿ 1984ರಲ್ಲಿ ಪ್ರಕಟವಾದ ಒಂದರಲ್ಲಿ ರೋಗಿ ಮಾತು ಶುರು ಮಾಡಿದ ಸರಾಸರಿ 18 ಸೆಕೆಂಡಿಗೆ ಡಾಕ್ಟರು ನಡುವೆ ಬಾಯಿ ಹಾಕಿದ್ದರು. 2018ರ ಇನ್ನೊಂದರಲ್ಲಿ ಅದು ಸುಮಾರು 11 ಸೆಕೆಂಡಿಗೆ ಇಳಿದಿತ್ತು. ಹಾಗೇ ಬಿಟ್ಟರೆ ರೋಗಿಗಳು ಗಂಟೆಗಟ್ಟಲೆ ಮಾತಾಡುತ್ತಾರಾ? ಇಲ್ಲ. ಸ್ವಿಟ್ಜರ್ಲೆಂಡಿನ ಒಂದು ಆಸ್ಪತ್ರೆಯಲ್ಲಿ 335 ರೋಗಿಗಳನ್ನು ತಡೆಯದೆ ಮಾತಾಡಲು ಬಿಟ್ಟು ಸಮಯ ಅಳೆದರು. 2002ರಲ್ಲಿ ಅದು ಪ್ರಕಟವಾಯಿತು. ಸರಾಸರಿ 92 ಸೆಕೆಂಡಿಗೆ ಅವರು ತಾವಾಗಿಯೇ ನಿಲ್ಲಿಸಿದ್ದರು. ನೂರರಲ್ಲಿ 78 ಜನ ಎರಡು ನಿಮಿಷದೊಳಗೆ ಮುಗಿಸಿದ್ದರು. ನಮ್ಮ ಅಪ್ಪನೂ ಅಷ್ಟರಲ್ಲೇ ಮುಗಿಸಿದ್ದರಲ್ಲ, ನಿವೃತ್ತಿ, ಮೊಣಕಾಲು ಎಲ್ಲಾ ಸೇರಿಸಿ! ನನಗೆ ಆಗ ಅದು ಅರ್ಧ ಗಂಟೆ ಅನಿಸಿತ್ತು.

ಕೂತು ಮಾತಾಡೋದರ ಬಗ್ಗೆಯೂ ಒಂದು ಅಧ್ಯಯನ ಇದೆ. ಅಮೆರಿಕದ ಒಂದು ಆಸ್ಪತ್ರೆಯಲ್ಲಿ ಡಾಕ್ಟರು ರೋಗಿಯ ಮಂಚದ ಪಕ್ಕ ಕೂತಾಗ, ನಿಂತುಕೊಂಡು ಮಾತಾಡಿದ್ದಕ್ಕಿಂತ ಜಾಸ್ತಿ ಹೊತ್ತು ನಮ್ಮ ಜೊತೆ ಇದ್ದರು ಅಂತ ರೋಗಿಗಳು ಹೇಳಿದರು. ಗಡಿಯಾರ ಹಿಡಿದು ನೋಡಿದರೆ ಜಾಸ್ತಿ ಹೊತ್ತು ಇದ್ದಿರಲಿಲ್ಲ. ಮಂಚದ ಮೇಲೆ ಮಲಗಿ ಎದುರು ನಿಂತವರ ಮುಖ ಕತ್ತೆತ್ತಿ ನೋಡಿದವರಿಗೆ ಇದು ಅರ್ಥ ಆಗುತ್ತೆ.

ಡಾಕ್ಟರುಗಳ ಕಷ್ಟವೂ ನನಗೆ ಗೊತ್ತಿಲ್ಲದೆ ಇಲ್ಲ. 2017ರಲ್ಲಿ 67 ದೇಶಗಳ ಮಾಹಿತಿ ಸೇರಿಸಿ ಒಂದು ವರದಿ ಬಂತು. ಒಬ್ಬ ರೋಗಿಗೆ ಡಾಕ್ಟರು ಕೊಡುವ ಸಮಯ ಸ್ವೀಡನ್‌ನಲ್ಲಿ ಸರಾಸರಿ 22 ನಿಮಿಷಕ್ಕಿಂತ ಜಾಸ್ತಿ, ಬಾಂಗ್ಲಾದೇಶದಲ್ಲಿ 48 ಸೆಕೆಂಡು. ಪ್ರಪಂಚದ ಸುಮಾರು ಅರ್ಧ ಜನ ಇರುವ ದೇಶಗಳಲ್ಲಿ ಐದು ನಿಮಿಷ ಅಥವಾ ಇನ್ನೂ ಕಡಿಮೆ. ಹೊರಗೆ ಅರವತ್ತು ಜನ ಟೋಕನ್ ಹಿಡಿದು ಕೂತಿದ್ದರೆ ಎಂಥಾ ಒಳ್ಳೆ ಡಾಕ್ಟರಿಗೂ ಕೈ ಕಟ್ಟಿಹಾಕಿದ ಹಾಗೆ ಆಗುತ್ತೆ. ಮೊದಲ ಮೂವರಿಗೂ ಸಮಯ ಇದ್ದಿದ್ದರೆ ಕೇಳುತ್ತಿದ್ದರೋ ಏನೋ. ಆದರೆ ಒಂದನ್ನು ನಾನು ಒಪ್ಪಲಾರೆ. ಯಾವಾಗ ಬೀಳ್ತೀರಿ ಅಂತ ಕೇಳೋಕೆ ಮೂರು ಸೆಕೆಂಡು ಸಾಕು. ಅದಕ್ಕೂ ಸಮಯ ಇಲ್ಲದ ಜಾಗದಲ್ಲಿ ಸ್ಕ್ಯಾನ್ ಬರೆಯೋಕೆ ಮಾತ್ರ ಸಮಯ ಇತ್ತು.

ಇನ್ನು ಹುಡುಕೋದು ಹೇಗೆ ಅನ್ನೋ ವಿಷಯ. ನಾವು ಸಾಮಾನ್ಯವಾಗಿ ಕೇಳೋದು, ಯಾರು ದೊಡ್ಡ ಡಾಕ್ಟರು ಅಂತ. ಎಷ್ಟು ಡಿಗ್ರಿ, ಎಷ್ಟು ಸ್ಟಾರ್ ಅಂತ ನೋಡುತ್ತೇವೆ. ಸ್ಟಾರ್ ಕೊಟ್ಟವರಲ್ಲಿ ಎಷ್ಟೋ ಜನ ಟೋಕನ್ ಬೇಗ ಸಿಕ್ಕಿತು, ಜಾಗ ಚೊಕ್ಕಟವಾಗಿತ್ತು ಅಂತ ಕೊಟ್ಟಿರುತ್ತಾರೆ. ನಾನು ಈಗ ಬೇರೆ ಪ್ರಶ್ನೆ ಕೇಳುತ್ತೇನೆ. ನೀವು ಎರಡನೇ ಸಲ ಹೋದಾಗ ಮೊದಲ ಸಲ ಹೇಳಿದ್ದನ್ನು ಅವರು ನೆನಪಿಟ್ಟಿದ್ದರಾ, ಇಲ್ಲ ಬರೆದಿಟ್ಟಿದ್ದರಾ? ನನಗೆ ಗೊತ್ತಿಲ್ಲ, ನೋಡಿ ಹೇಳ್ತೀನಿ ಅಂತ ಯಾವತ್ತಾದರೂ ಅಂದಿದ್ದಾರಾ? ಇದಕ್ಕೆ ಮಾತ್ರೆ ಬೇಡ, ಈ ಪರೀಕ್ಷೆ ಬೇಡ ಅಂತ ಒಂದು ಸಲವಾದರೂ ಹೇಳಿದ್ದಾರಾ? ಗುಣ ಆಗದೆ ಇದ್ದಾಗ ಸಿಡುಕಿದರಾ, ಇಲ್ಲ ಮೊದಲಿಂದ ಮತ್ತೆ ಯೋಚನೆ ಮಾಡಿದರಾ? ಈ ಕೊನೆಯ ಪ್ರಶ್ನೆಗೆ ಜನ ಕೊಡುವ ಉತ್ತರದಲ್ಲೇ ನನಗೆ ಜಾಸ್ತಿ ಗೊತ್ತಾಗುತ್ತೆ. ಬೇಗ ಗುಣವಾದ ಕಾಯಿಲೆಯಲ್ಲಿ ಎಲ್ಲಾ ಡಾಕ್ಟರೂ ಒಳ್ಳೆಯವರೇ.

ನರ್ಸ್‌ಗಳನ್ನು ಕೇಳಿ. ಔಷಧಿ ಅಂಗಡಿಯಲ್ಲಿ ವರ್ಷಗಟ್ಟಲೆ ನಿಂತವರನ್ನು ಕೇಳಿ. ನಿಮ್ಮ ತಾಯಿಗೆ ಹುಷಾರಿಲ್ಲ ಅಂದರೆ ನೀವು ಯಾರ ಹತ್ತಿರ ಕರೆದುಕೊಂಡು ಹೋಗ್ತೀರಿ ಅಂತ. ನಾಲ್ಕನೇ ಡಾಕ್ಟರು ನಮಗೆ ಸಿಕ್ಕಿದ್ದು ಹೀಗೇ. ಅಪ್ಪನ ಹುಬ್ಬಿನ ಹೊಲಿಗೆ ಬಿಚ್ಚಿದ ನರ್ಸ್ ಹತ್ತಿರ ಕೇಳಿದ್ದೆ. ಆಕೆ ಒಂದು ಕ್ಷಣವೂ ಯೋಚನೆ ಮಾಡದೆ ಹೆಸರು ಹೇಳಿದರು.

ಅಂಥವರು ಸಿಕ್ಕಿದರೆ ಬಿಡಬೇಡಿ. ಒಬ್ಬರ ಹತ್ತಿರ ಗುಣ ಆಗಲಿಲ್ಲ ಅಂತ ಇನ್ನೊಬ್ಬರು, ಅಲ್ಲಿಂದ ಮತ್ತೊಬ್ಬರು ಅಂತ ನಾವು ಓಡಾಡಿದ್ದರಿಂದಲೇ ಅಪ್ಪನ ಚೀಲದಲ್ಲಿ ಒಂಬತ್ತು ಮಾತ್ರೆ ಸೇರಿದ್ದು. ಒಬ್ಬರೇ ಡಾಕ್ಟರ ಹತ್ತಿರ ತುಂಬಾ ಕಾಲ ತೋರಿಸಿಕೊಂಡವರ ಬಗ್ಗೆ ಒಂಬತ್ತು ದೇಶಗಳಲ್ಲಿ ನಡೆದ 22 ಅಧ್ಯಯನಗಳನ್ನು ಬ್ರಿಟನ್ನಿನ ವೈದ್ಯರು 2018ರಲ್ಲಿ ಒಟ್ಟಿಗೆ ಇಟ್ಟು ನೋಡಿದರು. 18ರಲ್ಲಿ ಅಂಥವರಲ್ಲಿ ಸಾವು ಕಡಿಮೆ ಇತ್ತು. ಅದೊಂದೇ ಕಾರಣ ಅಂತ ಹೇಳೋಕೆ ಆಗಲ್ಲ ಅಂತ ತಂಗಿ ಮಗಳು ಎಚ್ಚರಿಸಿದಳು. ಆದರೂ ನಮ್ಮನ್ನು ಬಲ್ಲ ಡಾಕ್ಟರಿಗೆ ನಮ್ಮ ಮುಖ ಎಂದಿನ ಹಾಗಿಲ್ಲ ಅನ್ನೋದಾದರೂ ತಿಳಿಯುತ್ತೆ, ಅಲ್ವಾ?

ನಮ್ಮ ಕಡೆಯಿಂದಲೂ ಒಂದು ಆಗಬೇಕು. ವಯಸ್ಸಾದವರ ಜೊತೆ ಹೋಗುವ ಮಕ್ಕಳೇ, ದಯವಿಟ್ಟು ಅವರ ಪರವಾಗಿ ಉತ್ತರ ಹೇಳಬೇಡಿ. ಅಪ್ಪನ ಮಾತನ್ನು ಡಾಕ್ಟರುಗಳಿಗಿಂತ ಜಾಸ್ತಿ ಸಲ ತಡೆದವಳು ನಾನೇ. "ಅಪ್ಪಾ, ವಿಷಯಕ್ಕೆ ಬನ್ನಿ" ಅಂತ ಎಷ್ಟು ಸಲ ಹೇಳಿದ್ದೇನೋ. ಅವರು ಹೇಳುವಾಗ ಸುಮ್ಮನಿರಿ. ಬಿಟ್ಟುಹೋದದ್ದನ್ನು ಆಮೇಲೆ ಸೇರಿಸಿ. ನಿಮ್ಮೆದುರು ಹೇಳಲಾಗದ ಮಾತು ಇರಬಹುದು ಅನಿಸಿದರೆ ನೀವಾಗಿಯೇ ಎದ್ದು ಹೊರಗೆ ಬನ್ನಿ.

ಆಸ್ಪತ್ರೆ ನಡೆಸುವವರಲ್ಲಿ ನನ್ನದೊಂದು ಬೇಡಿಕೆ ಇದೆ. 70 ದಾಟಿದವರು, ಐದಕ್ಕಿಂತ ಜಾಸ್ತಿ ಮಾತ್ರೆ ತಗೊಳ್ಳುವವರು ಬಂದರೆ ಅವರಿಗೆ ಎರಡು ಟೋಕನ್‌ನಷ್ಟು ಸಮಯ ಕೊಡಿ. ಹಿಂದಿನ ದಿನ ಒಂದು ಫೋನ್ ಮಾಡಿ, ಮಾತ್ರೆ ಚೀಲ ತರಲು ಹೇಳಿ. ನಿಮ್ಮ ಡಾಕ್ಟರು ದಿನಕ್ಕೆ ಎಷ್ಟು ರೋಗಿಗಳನ್ನು ನೋಡಿದರು ಅಂತ ಲೆಕ್ಕ ಇಡುತ್ತೀರಿ. ಅದೇ ತೊಂದರೆಗೆ ಎಷ್ಟು ಜನ ಮತ್ತೆ ಮತ್ತೆ ಬರಬೇಕಾಯಿತು ಅನ್ನೋದನ್ನೂ ಲೆಕ್ಕ ಇಡಿ.

ಸಂಪಾದಕರೇ, ನಿಮ್ಮಲ್ಲೂ ಒಂದು ಕೋರಿಕೆ. ಡಾಕ್ಟರುಗಳ ತಪ್ಪು ನಡೆದಾಗ ಪತ್ರಿಕೆಯಲ್ಲಿ ಬರುತ್ತೆ, ಬರಬೇಕು ಕೂಡ. ವಾರಕ್ಕೊಮ್ಮೆ ಒಂದು ಸಣ್ಣ ಜಾಗ ಓದುಗರಿಗೂ ಕೊಡಿ. ಡಾಕ್ಟರ ಹೆಸರು ಬೇಡ, ಆಸ್ಪತ್ರೆ ಹೆಸರು ಬೇಡ, ದೇವರಂಥ ಮನುಷ್ಯ ಅಂತ ಹೊಗಳೋದೂ ಬೇಡ. ಅವರು ಏನು ಕೇಳಿದರು, ಏನು ಮಾಡಿದರು ಅಂತ ನಾಲ್ಕು ಸಾಲಿನಲ್ಲಿ ಬರೆಯಲಿ. ಹೊಸದಾಗಿ ಡಾಕ್ಟರ್ ಆಗುವವರು ಅದನ್ನು ಓದಲಿ. ಮೊದಲ ನಾಲ್ಕು ಸಾಲು ನಾನೇ ಕಳಿಸುತ್ತೇನೆ.

ಇಂತಿ,
ನಿಮ್ಮ ಪತ್ರಿಕೆಯ ಓದುಗರಲ್ಲೊಬ್ಬಳು